ಬೋರಕ್ಕ ಟ್ರೈ ಮಾಡಿದ್ದು

ಹೊಳಲ್ಕೆರೆಯ ಅಡಿಕೆ ಮಂಡಿಯಲ್ಲಿ ಮೂವತ್ತು ವರ್ಷದಿಂದ ಅಡಿಕೆ ಆರಿಸುತ್ತಿರುವ ಬೋರಕ್ಕನಿಗೆ ಕಣ್ಣು ಮಂಜಾಗಿದ್ದರೂ ಹೆಬ್ಬೆರಳು ಚುರುಕು. ಹೊಸದುರ್ಗದ ಕಡೆ ಕುರಿ ಸಾಕುವವರ ಮನೆಯಲ್ಲಿ ಹುಟ್ಟಿ, ಸೊಸೆಯಾಗಿ ಇಲ್ಲಿಗೆ ಬಂದವಳು. ಗಂಡ ತೀರಿಕೊಂಡ ಮೂರನೇ ತಿಂಗಳಿಗೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಡಿಯ ನೆಲದ ಮೇಲೆ ಕುಳಿತಳು. ಅಡಿಕೆ ಬೆರಳಿಗೆ ತಾಗಿದರೆ ಸಾಕು, ಯಾವ ಗುಡ್ಡೆಗೆ ಹೋಗಬೇಕೆಂದು ಕೈಗೇ ಗೊತ್ತು.

ಅಂಥವಳು ಒಂದು ತಪ್ಪು ಮಾಡಿದಳು. ಮನೆಯ ಜಾಗಕ್ಕೆ ಗಂಡನ ಹೆಸರು ತೆಗೆದು ತನ್ನ ಹೆಸರು ಸೇರಿಸಲು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಾಗ, ಜೆರಾಕ್ಸ್ ಕೊಡುವ ಬದಲು ಅಸಲಿ ಹಕ್ಕುಪತ್ರವನ್ನೇ ಕೊಟ್ಟುಬಿಟ್ಟಳು. ಸರ್ಕಾರದ ಕೈಗೆ ನಕಲು ಕೊಡುವುದು ಮರ್ಯಾದೆಯಲ್ಲ ಅನ್ನಿಸಿತ್ತು ಅವಳಿಗೆ. ಈ ಶುಕ್ರವಾರ ಜಾಗ ಅಳೆಯಲು ಬರುತ್ತಾರೆ. ಅಸಲಿ ತೋರಿಸದಿದ್ದರೆ ಅಳೆಯುವುದಿಲ್ಲ, ಹೆಸರೂ ಏರುವುದಿಲ್ಲ.

ಕಚೇರಿಯ ಗುಮಾಸ್ತ ಪ್ರಭುಲಿಂಗ ಮೂಲೆಯಲ್ಲಿ ಸೊಂಟದೆತ್ತರ ಬಿದ್ದಿದ್ದ ಕಾಗದದ ರಾಶಿ ತೋರಿಸಿದ. “ಅದ್ರಾಗೆ ಎಲ್ಲೋ ಐತೆ ಅಜ್ಜಿ. ಟ್ರೈ ಮಾಡ್ತೀನಿ.”

ಸೋಮವಾರ ಹಾಗೆಂದ. ಮಂಗಳವಾರವೂ ಅದನ್ನೇ ಅಂದ.

ಬುಧವಾರ ಮಂಡಿಯಲ್ಲಿ ಇದನ್ನು ಹೇಳಿಕೊಂಡಾಗ ಹಮಾಲಿ ಕಾಟಯ್ಯ ಮೂಟೆ ಇಳಿಸಿ ನಕ್ಕ. ಶಾಲೆ ನಾಲ್ಕನೇ ಕ್ಲಾಸಿಗೇ ಬಿಟ್ಟವನಾದರೂ, ರದ್ದಿಯಲ್ಲಿ ಸಿಕ್ಕಿದ ದಪ್ಪ ಇಂಗ್ಲಿಷ್ ನಿಘಂಟನ್ನು ಊಟದ ಹೊತ್ತಿನಲ್ಲಿ ಓದಿ ಓದಿ ಹಣ್ಣಾದವನು.

“ಟ್ರೈ ಮಾಡ್ತೀನಿ ಅಂದ್ರೆ ಮಾಡಲ್ಲ ಅಂತ, ಬೋರಕ್ಕ. ನಮ್ಮ ಕಡೆ ಅದಕ್ಕೆ ಅದೇ ಅರ್ಥ. ಲಗ್ನಕ್ಕೆ ಕರಿ, ಬರದೇ ಇರೋನು ಮೊದ್ಲು ಆ ಮಾತೇ ಆಡಾದು.”

“ಇಂಗ್ಲಿಷ್‌ನೋರೂ ಹಿಂಗೆ ಜಾರ್ಕೊಳ್ಳಾಕೇ ಆ ಮಾತು ಇಟ್ಕಂಡ್ರೇನೋ?”

“ಇಲ್ಲ ಕಣಕ್ಕ. ಅವರಿಗೆ ಅದು ಫ್ರೆಂಚರಿಂದ ಬಂತು. ಅಲ್ಲಿ ಅದಕ್ಕೆ ಆರಿಸಾದು ಅಂತ ಅರ್ಥ. ಒಳ್ಳೇದು ಈ ಕಡೆ, ಕೆಟ್ಟದ್ದು ಆ ಕಡೆ. ಆಮೇಲೆ ಕೋರ್ಟಿಗೆ ಹೋತು, ನಿಜ ಸುಳ್ಳು ಬ್ಯಾರೆ ಮಾಡಾಕೆ. ಪ್ರಯತ್ನ ಪಡಾದು ಅಂತ ಆಗಿದ್ದು ಅದಕ್ಕೂ ಆಮೇಲೆ. ಫ್ರೆಂಚರಿಗೆ ಎಲ್ಲಿಂದ ಬಂತೋ, ನಿಘಂಟು ಬರೆದೋರಿಗೂ ಗೊತ್ತಿಲ್ಲ.”

ಬೋರಕ್ಕ ಅಡಿಕೆ ಆರಿಸುವುದನ್ನು ನಿಲ್ಲಿಸಿದಳು. “ಆರಿಸಾದಾ? ಅಷ್ಟೇನಾ?”

“ಅಷ್ಟೇ. ನಿನ್ ಕಸುಬು.”

ಗುರುವಾರ ಕಚೇರಿಯ ಬಾಗಿಲು ತೆಗೆಯುವ ಹೊತ್ತಿಗೇ ಅವಳು ಮೆಟ್ಟಿಲ ಮೇಲಿದ್ದಳು. ಒಳಗೆ ಬಂದವಳೇ ರಾಶಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಳು.

“ಏ ಅಜ್ಜಿ, ಮುಟ್ಟಂಗಿಲ್ಲ ಅದನ್ನ!” ಪ್ರಭುಲಿಂಗ ಓಡಿಬಂದ.

“ಮೂರು ದಿನದಿಂದ ನೀನೂ ಮುಟ್ಟಿಲ್ಲ ಬಿಡಪ್ಪ. ಎದುರಿಗೆ ಕುಂತು ನೋಡು. ಒಂದು ಹಾಳೆ ಹರಿದ್ರೂ ಕೇಳು.”

ಗದ್ದಲಕ್ಕೆ ಒಳಗಿನಿಂದ ಅಧಿಕಾರಿ ದೇವಿಕಾ ಬಂದರು. ಅಜ್ಜಿಯನ್ನು ನೋಡಿದರು, ರಾಶಿಯನ್ನೂ ನೋಡಿದರು. “ಪ್ರಭುಲಿಂಗ, ಪಕ್ಕದಲ್ಲಿ ಕುಂತ್ಕಳ್ರಿ. ಅವರು ತೆಗೀಲಿ.”

ಬೋರಕ್ಕ ಓದಲಿಲ್ಲ. ಪ್ರತಿ ಹಾಳೆಯ ಬೆನ್ನ ಮೇಲೆ ಹೆಬ್ಬೆರಳು ಎಳೆದಳು. ಜೆರಾಕ್ಸಿನ ಬೆನ್ನು ನುಣುಪು. ಪೆನ್ನು ಒತ್ತಿ ಬರೆದ ಅಸಲಿಯ ಬೆನ್ನಿಗೆ ಅಕ್ಷರ ಉಬ್ಬಿರುತ್ತದೆ. ನುಣುಪು ಎಡಕ್ಕೆ, ಉಬ್ಬು ಬಲಕ್ಕೆ. ಬಲಗಡೆಯದನ್ನು ಪ್ರಭುಲಿಂಗ ಓದಬೇಕು.

“ಹೆಸರು ಹೇಳಪ್ಪ, ಸುಮ್ನೆ ಕುಂತ್ರೆ ಆಗ್ತದಾ?”

ಊಟದ ಹೊತ್ತು ದಾಟಿತು. ಅವಳು ಏಳಲಿಲ್ಲ, ನಾಚಿಕೆಗೆ ಅವನೂ ಏಳಲಿಲ್ಲ. ನಾಲ್ಕು ಗಂಟೆಯ ಸುಮಾರಿಗೆ ಅವನ ದನಿ ಏರಿತು: “ಅಜ್ಜಿ, ಇದು ನಿಂದೇ!”

ಅವಳು ಹಕ್ಕುಪತ್ರವನ್ನು ಕಣ್ಣಿಗೊತ್ತಿಕೊಂಡು ರವಿಕೆಯೊಳಗೆ ಸೇರಿಸಿದಳು. ಆಮೇಲೆ ಮುಂದಿನ ಹಾಳೆ ಎತ್ತಿಕೊಂಡಳು.

“ಸಿಕ್ತಲ್ಲ, ಇನ್ಯಾಕೆ?”

“ಈ ಹಾಳೆಗಳೋರೂ ನಾಳೆ ಬಂದು ನಿನ್ ಮುಂದೆ ನಿಲ್ತಾರೆ. ಓದು.”

ಕಚೇರಿ ಮುಚ್ಚುವ ಹೊತ್ತಿಗೆ ಬಲಗಡೆ ನಲವತ್ತು ಅಸಲಿಗಳಿದ್ದವು. ಪ್ರಭುಲಿಂಗ ತಾನೇ ಅವನ್ನು ದಾರದಲ್ಲಿ ಕಟ್ಟಿ, ಮೇಲೆ ಊರುಗಳ ಹೆಸರು ಬರೆದ.

ಶುಕ್ರವಾರ ಅಳತೆಯವರು ಬಂದು, ಅಸಲಿ ನೋಡಿ ಟೇಪು ಬಿಚ್ಚಿದರು. ಟೇಪಿನ ಒಂದು ತುದಿ ಹಿಡಿಯಲು ಅವರು ಯಾರನ್ನೋ ಕೂಗುವಷ್ಟರಲ್ಲಿ ಬೋರಕ್ಕನೇ ಅದನ್ನು ಕಿತ್ತುಕೊಂಡು ತನ್ನ ಗೋಡೆಗೆ ಒತ್ತಿ ನಿಂತಳು.