ಜರಿದಬರೆಗೆ ನಾನಿಟ್ಟ ಹೆಸರು

“ಆಂಟಿ, ಈ ಗುಡ್ಡದ ಬರೆಗೆ ಹಳೇ ಹೆಸರು ಏನಾದ್ರೂ ಇತ್ತಾ?” ಮಣ್ಣು, ಬಂಡೆಗಳ ಮ್ಯಾಪ್ ಮಾಡಲು ಮಡಿಕೇರಿಯಿಂದ ಬಂದಿದ್ದ ಜಿಯಾಲಜಿಸ್ಟ್ ಹುಡುಗಿ ನಮ್ಮ ಎಸ್ಟೇಟಿನ ಇಳಿಜಾರಿನಲ್ಲಿ ನಿಂತು ಕೇಳಿದಳು.

“ರೋಸ್ ಹಿಲ್” ಎಂದೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನೇ ಪ್ರೀತಿಯಿಂದ ಇಟ್ಟ ಹೆಸರು.

ನಮ್ಮಲ್ಲೇ ಕಾಫಿ ಪಿಕಿಂಗ್ ಮಾಡಿ ಮುದುಕಿಯಾದ ಗೌರಿ ಪಕ್ಕದಲ್ಲಿದ್ದಳು. “ಅದು ಅಮ್ಮನ ಇಂಗ್ಲಿಷು, ಮೇಡಂ. ನಮ್ಮತ್ತೆ ಕಾಲದಲ್ಲಿ ಇದು ಜರಿದಬರೆ. ಇಲ್ಲಿ ದನ ಕೂಡ ಕಟ್ಟುತ್ತಿರಲಿಲ್ಲ” ಎಂದಳು.

ಹುಡುಗಿ ಆ ಹೆಸರನ್ನು ಬರೆದುಕೊಂಡಳು. ಹಿಂದೊಮ್ಮೆ ಜರಿದ, ಅಂದರೆ ಕುಸಿದುಬಿದ್ದ, ಬರೆ ಮತ್ತೆ ಜರಿಯಬಹುದಂತೆ, ಅದಕ್ಕೇ ಹಳೆಯ ಹೆಸರು ವಿಚಾರಿಸುವುದಂತೆ. ಮ್ಯಾಪಿನಲ್ಲಿ ಆ ಜಾಗಕ್ಕೆ ಕೆಂಪು ಬಳಿದು, “ಇಲ್ಲಿ ಮನೆ ಇರಬಾರದು” ಎಂದಳು.

ಅಲ್ಲಿದ್ದದ್ದು ಗೌರಿಯ ಮನೆ. ಅವಳು ಕೆಲಸ ಬಿಟ್ಟಾಗ, ವ್ಯೂ ಚೆನ್ನಾಗಿದೆ ಎಂದು ಹೇಳಿ ಆ ಸೈಟ್ ಕೊಟ್ಟವಳು ನಾನೇ.

“ಅವತ್ತೇ ಯಾಕೆ ಹೇಳಲಿಲ್ಲ ನೀನು?” ಎಂದು ರೇಗಿದೆ.

“ಕೊಡುವ ಕೈಗೆ ಎದುರು ಮಾತಾಡೋದುಂಟಾ ಅಮ್ಮ? ಬೇಡ ಅಂದಿದ್ರೆ ಬೇರೆ ಜಾಗ ಕೊಡ್ತಿದ್ರಾ?”

ಗೌರಿ ಈಗ ತಿತಿಮತಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಆ ಸೈಟ್ ಕೊಟ್ಟಾಗ ಎಲ್ಲರೂ ನನ್ನನ್ನು ಎಷ್ಟು ಜೆನೆರಸ್ ಎಂದು ಹೊಗಳಿದ್ದರು. ಕಾಫಿ ಗಿಡವೂ ನೆಟ್ಟಗೆ ನಿಲ್ಲದ ಜಾಗ ಅದೆಂದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.