ಅಣ್ಣ ಹಣ ಕಟ್ಟದ ಆಟಗಾರ

ಶಹಾಪುರದಲ್ಲಿರುವ ನನ್ನ ಅಣ್ಣನಿಗೆ ಫೋನಿನಲ್ಲಿ ಗಾಲ್ಫ್ ಪಂದ್ಯಗಳ ಮೇಲೆ ಹಣ ಕಟ್ಟುವ ಚಟವಿತ್ತು. ಇನ್ನೊಮ್ಮೆ ಕಟ್ಟಿದರೆ ಮಗಳೊಂದಿಗೆ ವನದುರ್ಗದ ತವರಿಗೆ ಹೋಗುತ್ತೇನೆಂದು ಅತ್ತಿಗೆ ಹೇಳಿದ ಮೇಲೆ ಬಿಟ್ಟ. ಆದರೆ ಗೆಲ್ಲುವವನು ಯಾರೆಂದು ಊಹಿಸುವುದನ್ನು ಬಿಡಲಾಗಲಿಲ್ಲ. ಮೊನ್ನೆ ಗುರುವಾರ ನಾಲ್ಕು ದಿನಗಳ ಪಂದ್ಯವೊಂದು ಶುರುವಾಗುವ ಮೊದಲು ಒಬ್ಬ ಆಟಗಾರನ ಹೆಸರನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟ, ಹಣ ಕಟ್ಟಲಿಲ್ಲ.

ಸೋಮವಾರ ಬೆಳಿಗ್ಗೆ ಊಟಕ್ಕೆ ಕೂತಾಗ ನಾನೂ ಅಲ್ಲಿದ್ದೆ. ಫೋನ್ ನೋಡಿದ ಅಣ್ಣನ ಮುಖ ಬಿಳಿಚಿಕೊಂಡಿತು. ಅವನು ಬರೆದಿಟ್ಟ ಆಟಗಾರನೇ ಗೆದ್ದಿದ್ದ. ಹಣ ಕಳೆದುಕೊಂಡ ದಿನಗಳಲ್ಲೂ ಅವನನ್ನು ನಾನು ಹಾಗೆ ಕಂಡಿರಲಿಲ್ಲ. ಮತ್ತೆ ಹಣ ಕಟ್ಟಲು ಶುರುಮಾಡುತ್ತಾನೇನೋ ಎಂದು ನನಗೆ ಹೆದರಿಕೆಯಾಯಿತು.

"ಗೆದ್ದಾನಲ್ರೀ ನಿಮ್ಮ ಸರದಾರ," ಎಂದರು ಅತ್ತಿಗೆ, ಫೋನಿನತ್ತ ಬಗ್ಗಿ ನೋಡಿ. "ಹೊಟ್ಟಿ ಉರಿಯಾಕತ್ತದೇನು?"

"ಉರಿಯಾಕತ್ತದ. ಸುಳ್ಳ್ಯಾಕ ಹೇಳ್ಲಿ?" ಎಂದ ಅಣ್ಣ, ಫೋನನ್ನು ಅವರತ್ತ ಚಾಚಿದ. "ತಗೋ, ಇವತ್ತೊಂದಿನ ನಿನ್ನ ಹತ್ರ ಇರ್ಲಿ."

ಅತ್ತಿಗೆ ಅದನ್ನು ತೆಗೆದುಕೊಂಡು, ಅವನ ತಾಟಿಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿದರು.