ಟೊಪ್ಪಿಯಲ್ಲಿ ಬಂದ ಬಂಗುಡೆ

ಸ್ನೇಹಿತರೇ, ಬೀಜಾಡಿಯ ನಮ್ಮ ಪರಿಸರಸ್ನೇಹಿ ರೆಸಾರ್ಟಿನ ಅತಿಥಿಯೊಬ್ಬರು ಇವತ್ತು ಬೆಳಿಗ್ಗೆ ನನ್ನ ಜೊತೆ ಮೀನು ತರಲು ಬಂದರು. ಇಬ್ಬರ ಕೈಯೂ ಬರಿದು. ಮೀನು ಮಾರುವ ಮುತ್ತಕ್ಕ ಬಂಗುಡೆಯನ್ನು ಪ್ಲಾಸ್ಟಿಕ್ ತೊಟ್ಟೆಗೆ ಹಾಕಹೊರಟಾಗ ಅತಿಥಿ ತಡೆದರು.

"ಪ್ಲಾಸ್ಟಿಕ್ ಬೇಡಮ್ಮ."

"ತೊಟ್ಟೆ ಬ್ಯಾಡ ಅಂದ್ರೆ ಮೀನ್ ಎಂತದ್ರಗೆ ಹಾಕುದ್ ಮಾರಾಯ್ರೆ?"

ಅವರು ಒಂದು ಕ್ಷಣ ಯೋಚಿಸಿ, ತಲೆಯ ಮೇಲಿದ್ದ ಹೊಸ ಟೊಪ್ಪಿಯನ್ನೇ ತೆಗೆದು ಒಡ್ಡಿದರು.

ಮುತ್ತಕ್ಕ ನಗಲಿಲ್ಲ. "ಟೊಪ್ಪಿ ದೊಡ್ಡದಿತ್ತ್. ಕೊಸ್ರಿಗ್ ಇನ್ನೆರ್ಡ್ ಹಾಕ್ತೆ" ಎಂದು ತುಂಬಿಸಿಯೇ ಕೊಟ್ಟರು.

ಮಧ್ಯಾಹ್ನ ಅತಿಥಿ ಬಂಗುಡೆ ಗಸಿಯಲ್ಲಿ ಅನ್ನ ಉಂಡು, ಟೊಪ್ಪಿ ತೊಳೆದು ರೆಸಾರ್ಟಿನ ಜಗಲಿಯಲ್ಲಿ ಒಣಹಾಕಿದರು.

ನಿನ್ನೆ ಬಂದಾಗಲೇ ಅವರು "ಇಲ್ಲಿ ಪ್ರಾಣಿಗಳು ಹತ್ತಿರದಿಂದ ನೋಡಲು ಸಿಗುತ್ತವಾ?" ಎಂದು ಕೇಳಿದ್ದರು. "ಖಂಡಿತ" ಎಂದಿದ್ದೆ. ಈಗ ಊರಿನ ಬೆಕ್ಕುಗಳೆಲ್ಲ ಟೊಪ್ಪಿಯ ಸುತ್ತ ಕುಳಿತಿವೆ. ಅಂತೂ ರೆಸಾರ್ಟಿನ ಮಾತು ಉಳಿಯಿತು.